ಎಲುಬಿನ ಗಾಡಿ ಮತ್ತು ನೀಲಮ್ಮಕ್ಕನ ಫರಸಿ

ಮೊದಲು ತಪ್ಪೊಪ್ಪಿಕೊಂಡುಬಿಡುತ್ತೇನೆ. ನೀಲಮ್ಮಕ್ಕನ ಖಾನಾವಳಿಯ ಒಲೆ ಆರಿಹೋಗುವ ಹಂತಕ್ಕೆ ಬಂದದ್ದು ನನ್ನಿಂದ. ಊಟಕ್ಕೆ ಕೂತಿದ್ದ ಹತ್ತು ಹದಿನೈದು ಮಂದಿ ಬಾಯಿ ತೆರೆದು ನನ್ನನ್ನೇ ನೋಡಲಿ ಎಂಬ ಒಂದೇ ಆಸೆಗೆ, ಆಕೆ ರೊಟ್ಟಿ ಬಡಿಯುವ ಕಲ್ಲಿನ ಬಗ್ಗೆ ನಮ್ಮ ಸಾಹೇಬರ ದನಿಯಲ್ಲಿ ಒಂದು ಸುಳ್ಳು ಹೇಳಿದೆ. ಹೇಳುವಾಗ ಅದು ಸುಳ್ಳೆಂದು ನನಗೂ ಗೊತ್ತಿರಲಿಲ್ಲ. ಆದರೆ ಅದು ನೆಪವಾಗುವುದಿಲ್ಲ. ಗೊತ್ತಿಲ್ಲದ್ದನ್ನು ಗೊತ್ತಿದ್ದವರ ದನಿಯಲ್ಲಿ ಹೇಳುವುದೇ ಆಗ ನನ್ನ ಕಸುಬಾಗಿತ್ತು.

ನಿವೃತ್ತ ನೌಕರ ಬರೆದದ್ದು ಅಂದಕೂಡಲೇ ಬಿಳಿ ಕೂದಲು, ಹೆಗಲ ಮೇಲೆ ಶಾಲು, ಕೊರಳಲ್ಲಿ ಹಾರ ಕಲ್ಪಿಸಿಕೊಳ್ಳಬೇಡಿ. ನನಗಿನ್ನೂ ಮೂವತ್ತೆರಡು. ನಿವೃತ್ತಿಯಾದದ್ದು ನಮ್ಮ ಗಾಡಿ. ಅದರ ವಯಸ್ಸು ಮುಗಿಯಿತೆಂದು ಗುಜರಿಗೆ ಹಾಕಿದರು. ಅದರ ಸಾಮಾನಿನ ಪಟ್ಟಿಯಲ್ಲಿ ಅಸ್ಥಿಪಂಜರ, ದುರ್ಬೀನು, ಮೈಕು ಆದಮೇಲೆ ನಾನಿದ್ದೆ. ಗಾಡಿ ಹೋಯಿತು, ಜೊತೆಗೆ ನಾನೂ ಇಳಿದೆ. ಈಗ ಹೊಸ ಗಾಡಿ ಬಂದಿದೆ, ಒಳಗೆಲ್ಲ ಪರದೆಗಳು. ಅದಕ್ಕೆ ಸೇರಿಕೊಂಡಿರುವ ಹೊಸ ಹುಡುಗ ಹುಡುಗಿಯರಿಗೆ ಕೆಲಸ ನಿಜಕ್ಕೂ ಹೇಗಿರುತ್ತದೆಂದು ಬರೆದುಕೊಡು ಅಂತ ಸಾಹೇಬರು ಹೇಳಿದರು. ಬಾಗಿಲವರೆಗೆ ಹೋದವರು ತಿರುಗಿ ಬಂದು, “ನಿನ್ನ ದನಿಯಲ್ಲೇ ಬರಿ, ನನ್ನ ದನಿಯಲ್ಲಿ ಬೇಡ” ಅಂತಲೂ ಸೇರಿಸಿದರು.

ನಮ್ಮದು ಸಂಚಾರಿ ವಿಜ್ಞಾನ ಬಸ್ಸು. ಹಾಗಂತ ಹಸಿರು ಬಣ್ಣದಲ್ಲಿ ಎರಡೂ ಬದಿಗೆ ಬರೆಸಿದ್ದೆವು. ಆಳಂದ, ಅಫಜಲಪುರ, ಜೇವರ್ಗಿ ಮೂರೂ ತಾಲೂಕುಗಳಲ್ಲಿ ಆ ಹೆಸರು ಯಾರ ಬಾಯಲ್ಲೂ ಬರಲಿಲ್ಲ. ಬಾಗಿಲಲ್ಲೇ ಅಸ್ಥಿಪಂಜರ ನಿಲ್ಲಿಸಿದ್ದರಿಂದ ಎಲ್ಲರಿಗೂ ಅದು ‘ಎಲುಬಿನ ಗಾಡಿ’. ಗಾಡಿ ನಡೆಸುವವರು ಮೈಬೂಬ ಚಾಚಾ. ಮೇಲಧಿಕಾರಿ ನಮ್ಮ ಸಾಹೇಬರು, ಭೂವಿಜ್ಞಾನ ಓದಿದವರು, ಮಿತಭಾಷಿ. ನೋಡಲು ಬಂದವರಿಗೆ ವಿವರಿಸುವವನು ನಾನು, ಶರಣಪ್ಪ. ಮೂರು ತಾಲೂಕಿಗೂ ಶರಣ್ಯಾ.

ಹೊಸಬರೇ, ಪುಸ್ತಕ ಓದಿಕೊಂಡು ಹೋಗಿ, ತೊಂದರೆಯಿಲ್ಲ. ಆದರೆ ನೀವು ಓದಿದ್ದನ್ನು ಯಾರೂ ಕೇಳುವುದಿಲ್ಲ. ಚಂದ್ರನಲ್ಲಿ ನೀರಿದೆಯೇ, ಸತ್ತ ಮೇಲೆ ಉಗುರು ಬೆಳೆಯುತ್ತದೆಯೇ, ಹಾವಿನ ತಲೆಯಲ್ಲಿ ರತ್ನ ಇದೆಯೇ, ಜಗತ್ತು ಯಾವಾಗ ಮುಳುಗುತ್ತದೆ, ಮುಳುಗಿದರೆ ನಮ್ಮೂರೂ ಮುಳುಗುತ್ತದೆಯೇ. ಒಂಬತ್ತು ವರ್ಷ ಇವನ್ನೇ ಕೇಳಿದರು. ಪ್ರತಿ ಊರಿನಲ್ಲೂ ತಾವೇ ಮೊದಲು ಕೇಳುತ್ತಿರುವ ಹಾಗೆ ಕಣ್ಣರಳಿಸಿ ಕೇಳಿದರು. ಆ ಕಣ್ಣು ಕಂಡಾಗಲೆಲ್ಲ ನನಗೂ ಹುರುಪು ಬರುತ್ತಿತ್ತು. ಬರಬಾರದ ಹುರುಪೂ ಬರುತ್ತಿತ್ತು.

ಆಳಂದದಲ್ಲಿ ಒಬ್ಬ ಅಜ್ಜಿ ಅಸ್ಥಿಪಂಜರದ ಮುಂದೆ ಬಹಳ ಹೊತ್ತು ನಿಂತಳು. “ಇವರು ಯಾ ಊರವ್ರೋ ಯಪ್ಪಾ?” ಅಂದಳು.

“ಇದು ಪ್ಲಾಸ್ಟಿಕ್ ಅದಬೇ” ಅಂದೆ.

“ಪ್ಲಾಸ್ಟಿಕ್ ಇರಲಿ ತಗಾ. ಯಾ ಊರವ್ರು?”

ನಾನು ಏನು ಮಾಡಬೇಕಿತ್ತು? ಇದು ಕಾರ್ಖಾನೆಯಲ್ಲಿ ಮಾಡಿದ್ದು ಎಂದು ಇನ್ನೊಮ್ಮೆ ಹೇಳಬೇಕಿತ್ತು. ನಾನು “ಜೇವರ್ಗಿ ಕಡೆಯವ್ರು” ಅಂದೆ. ಅಜ್ಜಿ “ಅದಕ್ಕ ಇಷ್ಟ ಎತ್ತರ ಅದಾರ” ಎಂದು ಸಮಾಧಾನದಿಂದ ಹೋದಳು. ಚಾಚಾ ನಕ್ಕರು, ಸಾಲಿನಲ್ಲಿದ್ದವರು ನಕ್ಕರು. ರೋಗ ಅಲ್ಲಿಂದ ಹಿಡಿಯಿತು.

ಆಮೇಲೆ ಡೈನೋಸಾರ್ ಮೊಟ್ಟೆ. ಗಾಜಿನ ಪೆಟ್ಟಿಗೆಯಲ್ಲಿ ಅದರ ಮಾದರಿ ಇತ್ತು. ಒಬ್ಬರು ಹಿಂದಿನಿಂದ, “ಇದರದ್ದು ಆಮ್ಲೆಟ್ ಮಾಡಿದ್ರ ಎಷ್ಟ ಮಂದಿಗಿ ಆಗ್ತದೋ ಶರಣ್ಯಾ?” ಎಂದು ಕೂಗಿದರು. ಸಾಹೇಬರ ಹಾಗೆ ಎರಡು ಸಲ ಗಂಟಲು ಸರಿಮಾಡಿಕೊಂಡು, ಕನ್ನಡಕ ಹಣೆಗೇರಿಸುವ ಅಭಿನಯ ಮಾಡಿ, “ಹೀಗಿರುವಾಗ ಮಹನೀಯರೇ, ಆಳಂದ ಬಸ್ ಸ್ಟ್ಯಾಂಡಿನಲ್ಲಿ ನಿಂತವರಿಗೆಲ್ಲ ಒಂದೊಂದು ತುಂಡು ಬರುತ್ತದೆ” ಅಂದೆ. ಚಪ್ಪಾಳೆ ಬಿತ್ತು. ಮುಂದಿನ ವರ್ಷ ಅದೇ ಶಾಲೆಗೆ ಹೋದಾಗ ಶಿಕ್ಷಕರೊಬ್ಬರು ಮಕ್ಕಳನ್ನು ಸಾಲಾಗಿ ನಿಲ್ಲಿಸಿ ಅದೇ ವಾಕ್ಯವನ್ನು ಬಾಯಿಪಾಠ ಹೇಳಿಸಿದರು. ಎದುರಿಗೆ ಕೂತವರು ಸಾಹೇಬರೇ. ಅವರು ಮಕ್ಕಳ ಬೆನ್ನು ತಟ್ಟಿದರು. ನನ್ನ ಕಡೆ ನೋಡಲಿಲ್ಲ. ಬೈದಿದ್ದರೆ ಬಿಟ್ಟುಬಿಡುತ್ತಿದ್ದೆನೇನೋ.

ಸಾಹೇಬರ ರೀತಿಯೇ ಬೇರೆ. ಜೇವರ್ಗಿ ತಾಲೂಕಿನ ಒಂದು ಶಾಲೆಯಲ್ಲಿ ಮಧ್ಯಾಹ್ನ ನಾಲ್ಕರ ಸುಮಾರಿಗೆ ಆಕಾಶದಲ್ಲಿ ಚಂದ್ರ ಕಾಣುತ್ತಿದ್ದ. ಸಾಹೇಬರು ದುರ್ಬೀನು ಹೊಂದಿಸಿ, “ನೋಡ್ರಿ” ಎಂದು ಹಿಂದೆ ಸರಿದು ನಿಂತರು, ಅಷ್ಟೇ. ಮೊದಲು ಮುಖ್ಯಗುರುಗಳು ಕಣ್ಣಿಟ್ಟರು. ಅವರು ಬಲು ಬಿಗಿ ಮನುಷ್ಯ, ಮಕ್ಕಳು ಅವರ ನೆರಳನ್ನೂ ದಾಟುತ್ತಿರಲಿಲ್ಲ. ಐದು ನಿಮಿಷವಾದರೂ ಕಣ್ಣು ತೆಗೆಯಲಿಲ್ಲ. ಹಿಂದೆ ಸಾಲು ಗದ್ದಲ ಮಾಡತೊಡಗಿತು. ಕೊನೆಗೆ ತಲೆ ಎತ್ತಿ, “ಇಪ್ಪತ್ತ ವರ್ಷ ಬೋರ್ಡಿನ ಮ್ಯಾಲ ಚಂದ್ರನ್ನ ನುಣ್ಣಗ ತಗದೀನ್ರಿ. ತಗ್ಗು ತಗದ ಹುಡುಗೂರಿಗಿ ಮಾರ್ಕ್ಸ್ ಕಡದೀನಿ” ಎಂದು ಮೆಲ್ಲಗೆ ಹೇಳಿದರು. ಅವತ್ತು ನನ್ನ ಮೈಕಿನ ಅಗತ್ಯವೇ ಬೀಳಲಿಲ್ಲ. ಅದರಿಂದ ನಾನು ಕಲಿಯಬೇಕಾಗಿತ್ತು. ಕಲಿಯಲಿಲ್ಲ. ಸುಮ್ಮನಿದ್ದರೆ ನನ್ನನ್ನು ಯಾರು ನೋಡುತ್ತಾರೆ?

ಇನ್ನೊಂದು ಮಾತು. ನಾನು ಸೇರಿದಾಗ ವಿವರಿಸಲು ನನ್ನ ಬಳಿ ನಕ್ಷೆ, ಕೋಲು, ಬಾಯಿ ಇಷ್ಟೇ ಇದ್ದವು. ಹೇಳಿದ್ದು ಆ ಊರಿನಲ್ಲೇ ಉಳಿಯುತ್ತಿತ್ತು. ಆಮೇಲೆ ಎಲ್ಲರ ಕೈಗೂ ಮೊಬೈಲು ಬಂತು. ನಾನು ಆಳಂದದಲ್ಲಿ ಮಾಡಿದ ತಮಾಷೆ ನನಗಿಂತ ಮೊದಲು ಜೇವರ್ಗಿ ಮುಟ್ಟತೊಡಗಿತು. ಈ ಬದಲಾವಣೆಯನ್ನು ನಾನು ಗಮನಿಸಲಿಲ್ಲ, ಅದು ನನ್ನನ್ನು ಗಮನಿಸಿತು.

ಅಫಜಲಪುರದಿಂದ ಗಾಣಗಾಪುರಕ್ಕೆ ಹೋಗುವ ದಾರಿಯ ಒಂದು ಕ್ರಾಸಿನಲ್ಲಿ ನೀಲಮ್ಮಕ್ಕನ ಖಾನಾವಳಿ ಇದೆ. ಎರಡು ಖೋಲಿ. ಕಟ್ಟಡ ಗುರಪ್ಪ ಸಾವ್ಕಾರರದು, ಆಕೆ ಬಾಡಿಗೆಗಿದ್ದಾಳೆ. ಬಿಸಿ ಜೋಳದ ರೊಟ್ಟಿ, ತೊಗರಿಬ್ಯಾಳಿ, ಪುಂಡಿಪಲ್ಯ, ಶೇಂಗಾ ಹಿಂಡಿ. ಆ ಕಡೆ ಗಾಡಿ ಹೋದಾಗಲೆಲ್ಲ ನಮ್ಮ ಊಟ ಅಲ್ಲೇ. ಒಲೆಯ ಪಕ್ಕದ ಕಟ್ಟೆಗೆ ನಮ್ಮ ಕಡೆ ಎಲ್ಲ ಮನೆಗಳಲ್ಲೂ ಇರುವಂಥ ಬೂದು ಬಣ್ಣದ ಫರಸಿ ಕಲ್ಲು ಹಾಸಿದ್ದರು. ರೊಟ್ಟಿ ಬಡಿಯುವುದು ಅದರ ಮೇಲೆಯೇ. ಹಿಟ್ಟು ಮೆತ್ತಿಕೊಂಡು ಅದರ ಮೈ ಎಂದೂ ನಮಗೆ ಕಂಡಿರಲಿಲ್ಲ.

ಒಂದು ದಿನ ರೊಟ್ಟಿ ಮುಗಿಸಿ ಆಕೆ ಅದರ ಮೇಲೆ ಒಂದು ತಂಬಿಗೆ ನೀರು ಸುರಿದು ಒರೆಸಿದಳು. ಒದ್ದೆ ಕಲ್ಲಿನ ಮೇಲೆ ಕಂದು ಬಣ್ಣದ ಗಿಡವೊಂದು ಎದ್ದಿತು. ಒಂದು ರೆಂಬೆಯಿಂದ ನೂರು ಎಳೆ, ಪ್ರತಿ ಎಳೆಯ ತುದಿಗೆ ಮತ್ತೆ ಸಣ್ಣ ಎಳೆ. ನಮ್ಮ ಗಾಡಿಯಲ್ಲಿ ಒಂದು ಜರೀಗಿಡದ ಪಳೆಯುಳಿಕೆ ಇತ್ತು. ಥೇಟ್ ಅದೇ. ನಾನು ತಾಟು ಬಿಟ್ಟು ಎದ್ದೆ. ಸಾಹೇಬರು ಹೊರಗೆ ಕೈ ತೊಳೆಯುತ್ತಿದ್ದರು. ಅವರನ್ನು ಕರೆದು ತೋರಿಸಿದ್ದರೆ ಈ ಬರಹವೇ ಇರುತ್ತಿರಲಿಲ್ಲ. ನಾನು ಎರಡು ಸಲ ಗಂಟಲು ಸರಿಮಾಡಿಕೊಂಡೆ.

“ಹೀಗಿರುವಾಗ ಮಹನೀಯರೇ, ತಾವು ನೋಡುತ್ತಿರುವುದು ಕಲ್ಲಲ್ಲ, ಕಾಡು. ಮೂವತ್ತು ಕೋಟಿ ವರ್ಷಗಳ ಹಿಂದೆ ಇದೇ ಕ್ರಾಸಿನಲ್ಲಿ ಬೆಳೆದು ಕಲ್ಲಾದ ಗಿಡ. ಇಂಥದ್ದು ಜಗತ್ತಿನಲ್ಲಿ ಇನ್ನೊಂದಿಲ್ಲ.”

ಮೂವತ್ತು ಕೋಟಿ ಎಲ್ಲಿಂದ ಬಂತೆಂದು ಕೇಳಬೇಡಿ. ಮೊದಲು ಮೂರು ಕೋಟಿ ಅನ್ನುವವನಿದ್ದೆ. ಎದುರಿಗೆ ಕೂತವನ ಬಾಯಿ ಪೂರ್ತಿ ತೆರೆದಿರಲಿಲ್ಲ, ಒಂದು ಸೊನ್ನೆ ಹೆಚ್ಚಿಗೆ ಹಾಕಿದೆ. ಯಾರೋ ಮೊಬೈಲು ಹಿಡಿದಿದ್ದರು. ವಿಡಿಯೋದಲ್ಲಿ ಕಂಡದ್ದು ಕಲ್ಲು ಮಾತ್ರ, ಕೇಳಿದ್ದು ಸಾಹೇಬರ ದನಿ ಮಾತ್ರ. ನನ್ನ ಮುಖ ಎಲ್ಲೂ ಇರಲಿಲ್ಲ.

ಐದು ದಿನದ ಮೇಲೆ ನಾವು ಜೇವರ್ಗಿಯಲ್ಲಿದ್ದೆವು. ಸಾಹೇಬರು ಮೊಬೈಲು ಕಿವಿಗೆ ಹಚ್ಚಿಕೊಂಡು ಮೂರು ಸಲ ಏನನ್ನೋ ಕೇಳಿಸಿಕೊಂಡರು. ಆಮೇಲೆ ನನ್ನನ್ನು ಕರೆದರು.

“ಶರಣಪ್ಪ, ಇದನ್ನು ನಾನು ಯಾವಾಗ ಹೇಳಿದೆ?”

ನಾನು ಚಾಚಾನ ಮುಖ ನೋಡಿದೆ. ಚಾಚಾ ಕಿಟಕಿಯ ಗಾಜು ಒರೆಸುತ್ತ, “ಆವಾಜ್ ತೋ ತುಮಾರಾಚ್ ಹೈ ಸಾಬ್” ಅಂದರು. ಉಪಕಾರ ಮಾಡಿದೆ ಅಂದುಕೊಂಡರೋ ಏನೋ.

“ದನಿ ನನ್ನದೇ” ಅಂದರು ಸಾಹೇಬರು. “ಅದಕ್ಕೇ ಕೇಳುತ್ತಿದ್ದೇನೆ.”

ನಾನು ಒಪ್ಪಿಕೊಳ್ಳಲು ಬಾಯಿ ತೆರೆಯುವಷ್ಟರಲ್ಲಿ ನನ್ನ ಮೊಬೈಲು ರಿಂಗಾಯಿತು. ನೀಲಮ್ಮಕ್ಕ. ಬಸ್ಸಿನ ತುಂಬ ಕೇಳುವ ಹಾಗೆ ಮಾತಾಡುವ ಹೆಂಗಸು. ಅವತ್ತು ಕೇಳಿಸಬೇಕಾದವರಿಗೆ ಕೇಳಿಸಿತು.

“ಲೇ ಶರಣ್ಯಾ, ಏನ್ ಹಚ್ಚಿಟ್ಟು ಹೋಗೀದಿಲೇ ಭಾಡ್ಯಾ? ಮಂದಿ ಚಪ್ಪಲಿ ಬಿಟ್ಟು ಒಳಗ ಬರಾಕತ್ತಾರ. ಊಟಕ್ಕಲ್ಲೋ, ಕಲ್ಲು ನೋಡಾಕ. ಗಾಣಗಾಪುರಕ್ಕ ಹೋಗೋ ಮಂದಿ ಗಾಡಿ ನಿಂದ್ರಿಸಿ ಕೈ ಮುಗ್ಯಾಕತ್ತಾರ. ಸಾವ್ಕಾರ ಬಂದು ಅಳತಿ ತಗೊಂಡು ಹೋಗ್ಯಾನ. ಒಲಿ ಕಿತ್ತಿ ಕಲ್ಲಿನ ಸುತ್ತ ಗ್ರಿಲ್ ಹಾಕ್ತಾನಂತ. ಸೋಮವಾರಕ್ಕ ಜಾಗಾ ಖಾಲಿ ಮಾಡು ಅಂದಾನ. ನಾ ಎಲ್ಲಿಗಿ ಹೋಗ್ಲೋ?”

ಆಗ ನನ್ನ ಗಂಟಲಿನಿಂದ ಯಾರ ದನಿಯೂ ಹೊರಡಲಿಲ್ಲ. ಆ ಎರಡು ಖೋಲಿ ಬಿಟ್ಟರೆ ಆಕೆಗೆ ಬೇರೆ ನೆಲೆಯಿಲ್ಲ. ದಾರಿಯ ಪಕ್ಕದ ಜಾಗ, ಅದಕ್ಕೆ ಗಿರಾಕಿಗಳಿದ್ದರು. ಅಲ್ಲಿಂದ ಎಬ್ಬಿಸಿದರೆ ರೊಟ್ಟಿ ಬಡಿಯಲು ಇನ್ನೊಬ್ಬರ ಮನೆ ಹುಡುಕಬೇಕು.

ಸಾಹೇಬರು ಎದ್ದು ಜೇಬಿನಲ್ಲಿ ಭೂತಗನ್ನಡಿ ಇದೆಯೇ ಎಂದು ಮುಟ್ಟಿ ನೋಡಿಕೊಂಡರು. “ಭಾನುವಾರ ಹೋಗೋಣ” ಅಂದರು. “ಮೊದಲು ನೀನು ಮಾತಾಡು. ನಿನ್ನ ದನಿಯಲ್ಲಿ.”

ಭಾನುವಾರ ನಾವು ಮುಟ್ಟಿದಾಗ ಖಾನಾವಳಿಯ ಮುಂದೆ ಚಪ್ಪಲಿಯ ರಾಶಿ. ತೆಂಗಿನಕಾಯಿ ಮಾರುವವನೊಬ್ಬ ಆಗಲೇ ಗೋಣಿಚೀಲ ಹಾಸಿದ್ದ. ಒಳಗೆ ಕಟ್ಟೆಯ ಹತ್ತಿರ ಗುರಪ್ಪ ಸಾವ್ಕಾರರು, ಟೇಪು ಹಿಡಿದ ವೆಲ್ಡಿಂಗ್‌ನವನು. ಕಲ್ಲನ್ನು ತೊಳೆದು ಮೇಲೆ ಹೂವಿಟ್ಟಿದ್ದರು. ನೀಲಮ್ಮಕ್ಕ ಮೂಲೆಯಲ್ಲಿ ಒಂದು ಹಲಗೆಯ ಮೇಲೆ ರೊಟ್ಟಿ ಬಡಿಯುತ್ತಿದ್ದಳು. ಹಲಗೆ ಕುಲುಕುತ್ತಿತ್ತು, ರೊಟ್ಟಿ ಹರಿಯುತ್ತಿತ್ತು. ನನ್ನನ್ನು ನೋಡಿ, ಹರಿದ ರೊಟ್ಟಿಯನ್ನು ಮತ್ತೆ ಮುದ್ದೆ ಮಾಡಿದಳು.

ನಾನು ನಡುವೆ ನಿಂತೆ. “ನೋಡ್ರಿ, ವಿಡಿಯೋದಾಗ ಇರೂದು ಸಾಹೇಬ್ರ ಮಾತಲ್ಲ, ನಂದು. ನನಗೇನೂ ಗೊತ್ತಿರಲಿಲ್ಲ. ನಗಸಾಕ ಹೇಳಿದ್ದೆ. ತಪ್ಪಾಗ್ಯದ” ಅಂದೆ.

ಹಿಂದಿನಿಂದ ಯಾರೋ, “ಭಾರಿ ಅದೋ! ಇದು ಯಾರ ದನಿ ತಗದಿ?” ಅಂದರು.

“ಇದು ನಂದ ದನಿ.”

“ಏ ಹೋಗೋ, ನಿನ್ನ ದನಿ ಹಿಂಗ ಅಳುಬುರುಕ ಇಲ್ಲ. ಯಾವದೋ ಮಾಸ್ತರಂದು ಇರಬೇಕು. ಇನ್ನೊಮ್ಮಿ ಮಾಡು!”

ಚಪ್ಪಾಳೆ ಬಿತ್ತು. ನನ್ನ ಜೀವಮಾನದಲ್ಲಿ ಚಪ್ಪಾಳೆ ಬಿದ್ದಾಗ ಓಡಿಹೋಗಬೇಕೆನಿಸಿದ್ದು ಅದೊಂದೇ ಸಲ.

ಸಾಹೇಬರು ಮುಂದೆ ಬಂದರು. ಅಭ್ಯಾಸಬಲದಿಂದ ಎರಡು ಸಲ ಗಂಟಲು ಸರಿಮಾಡಿಕೊಂಡು, “ಹೀಗಿರುವಾಗ...” ಎಂದರೋ ಇಲ್ಲವೋ, ಜನ ಘೊಳ್ಳೆಂದರು. ಒಬ್ಬ ಮುದುಕ ಪಕ್ಕದವನಿಗೆ, “ಶರಣ್ಯಾನಷ್ಟು ಛಂದ ಬರಂಗಿಲ್ಲ ಇವರಿಗಿ” ಎಂದು ಹೇಳಿದ್ದು ಸಾಹೇಬರ ಕಿವಿಗೂ ಬಿತ್ತು. ಅವರು ಮಾತು ಬಿಟ್ಟರು. ಹೂವು ಸರಿಸಿ, ಭೂತಗನ್ನಡಿ ಹಿಡಿದು, ಮುದುಕನನ್ನೇ ಕರೆದು “ನೋಡ್ರಿ” ಅಂದರು.

ಮುದುಕ ಬಗ್ಗಿ ನೋಡಿದ.

“ಎಲಿಯೊಳಗ ನಡುವಿನ ನರ ಕಾಣ್ತದೇನ್ರಿ?”

“ಇಲ್ರಿ. ಬರೇ ಎಳಿ ಅವ.”

ಸಾಹೇಬರು ನೀಲಮ್ಮಕ್ಕನ ಹತ್ತಿರ ಎರಡು ತಾಟು ಕೇಳಿದರು. ಒಂದರ ಬೆನ್ನಿಗೆ ತೆಳ್ಳಗೆ ಕಲಸಿದ ಹಿಟ್ಟು ಸವರಿ, ಇನ್ನೊಂದರ ಬೆನ್ನನ್ನು ಅದಕ್ಕೆ ಒತ್ತಿ, ಮೆಲ್ಲಗೆ ಎಳೆದು ಬಿಡಿಸಿದರು. ಎರಡೂ ತಾಟಿನ ಮೇಲೆ ಅಂಚಿನಿಂದ ನಡುವಿನವರೆಗೆ ಗಿಡ ಮೂಡಿತ್ತು. ರೆಂಬೆ, ರೆಂಬೆಗೆ ಎಳೆ, ಎಳೆಗೆ ಎಳೆ. ಜನ ಒಬ್ಬರ ಮೇಲೊಬ್ಬರು ಬಿದ್ದು ನೋಡಿದರು.

“ಇದಾ?” ಅಂದಳು ನೀಲಮ್ಮಕ್ಕ. “ಮುಸುರಿ ತಾಟ ಬಿಡಿಸಿದಾಗ ದಿನಾ ಬರ್ತದಲ್ರೀ ಸಾಹೇಬ್ರ. ತಿಕ್ಕಿ ತಿಕ್ಕಿ ಸಾಕಾಗೇದ ನನಗ.”

ಹೆಚ್ಚುಕಡಿಮೆ ಹಾಗೆಯೇ, ಎಂದರು ಸಾಹೇಬರು. ಕಲ್ಲಿನ ಬಿರುಕಿನೊಳಗೆ ಖನಿಜದ ನೀರು ಇಳಿದು, ಹರಿದಾಡಿ, ಒಣಗಿ ಈ ಚಿತ್ತಾರ ಬಿಡುತ್ತದೆ. ಗಿಡವೂ ಅಲ್ಲ, ಪವಾಡವೂ ಅಲ್ಲ. ಆಮೇಲೆ ಕನ್ನಡಕ ಹಣೆಗೇರಿಸಿ ನನ್ನ ಕಡೆ ತಿರುಗಿದರು. “ಸುಳ್ಳು ಹೇಳುವಾಗಲೂ ಕಡಿಮೆ ಹೇಳಿದ್ದೀಯಲ್ಲೋ. ಈ ಕಲ್ಲು ಸಮುದ್ರದ ತಳದ ಕೆಸರಾಗಿತ್ತು. ಆಗ ಭೂಮಿಯ ಮೇಲೆ ಇನ್ನೂ ಒಂದು ಎಲೆಯೂ ಹುಟ್ಟಿರಲಿಲ್ಲ. ಗಿಡವೇ ಇಲ್ಲದ ಕಾಲದ ಕಲ್ಲಿಗೆ ನೀನು ಗಿಡ ಅಂಟಿಸಿದೆ. ಸುಮ್ಮನಿದ್ದಿದ್ದರೆ ನಿಜವೇ ಅದಕ್ಕಿಂತ ದೊಡ್ಡದಿತ್ತು.”

ಹೊಸಬರೇ, ಈ ಕೆಲಸದಲ್ಲಿ ನನಗೆ ಬಿದ್ದ ಪೆಟ್ಟುಗಳಲ್ಲಿ ಅದೇ ಜೋರಿನದು. ಒಂಬತ್ತು ವರ್ಷ ಸೊನ್ನೆ ಹಚ್ಚುತ್ತ ಬಂದಿದ್ದೆ. ಒಂದು ಸಲವೂ ನಿಜದ ಮೊಣಕಾಲಿನ ಎತ್ತರವನ್ನೂ ಮುಟ್ಟಿರಲಿಲ್ಲ.

ಪೆಟ್ಟು ಬಿತ್ತು, ಆದರೆ ಕೆಲಸ ಕೈಗೂಡಲಿಲ್ಲ. ಸಾಹೇಬರ ಮಾತನ್ನು ಎಲ್ಲರಿಗಿಂತ ಚೆನ್ನಾಗಿ ಕೇಳಿಸಿಕೊಂಡವರು ಗುರಪ್ಪ ಸಾವ್ಕಾರರು. ಅವರ ಕಣ್ಣು ಅರಳಿತು. “ಎಲಿ ಹುಟ್ಟೂಕಿಂತ ಮೊದಲಿನ ಕಲ್ಲೇನ್ರಿ ಇದು? ಸಮುದ್ರದಾಗಿಂದು?” ಅಂದವರೇ ವೆಲ್ಡಿಂಗ್‌ನವನಿಗೆ, “ಎರಡ ಫೂಟ ಹೆಚ್ಚಿಗಿ ತಗೋಪಾ. ಗ್ರಿಲ್ ದೊಡ್ಡದು ಮಾಡೂಣು” ಎಂದು ಹೇಳಿದರು.

ಸಾಹೇಬರು ಭೂತಗನ್ನಡಿ ಜೇಬಿಗೆ ಹಾಕಿಕೊಂಡು ಮತ್ತೆ ತೆಗೆದರು. ಅವರಿಗೂ ದಾರಿ ತೋಚಲಿಲ್ಲ. ಸುಳ್ಳಿನಿಂದ ಒಲೆ ಆರುವುದಿತ್ತು, ಈಗ ನಿಜದಿಂದ ಇನ್ನೂ ಬೇಗ ಆರುವುದರಲ್ಲಿತ್ತು. ವೆಲ್ಡಿಂಗ್‌ನವನ ಟೇಪು ನೀಲಮ್ಮಕ್ಕನ ರೊಟ್ಟಿ ಬೇಯಿಸುವ ಹಂಚನ್ನು ದಾಟಿ ಗೋಡೆ ಮುಟ್ಟಿತು.

ಆಮೇಲೆ ಏನಾಯಿತೆಂಬುದನ್ನು ಈಗಲೇ ಹೇಳಿಬಿಡುತ್ತೇನೆ. ನೀಲಮ್ಮಕ್ಕ ಆಡಿದ ಒಂದು ಮಾತಿನ ಮೇಲೆ ಯಾರೇ ಆಗಲಿ ಸೇರಿಸುವಂಥದ್ದು ಏನೂ ಉಳಿಯಲಿಲ್ಲ, ನಾನೂ ಸೇರಿಸುವುದಿಲ್ಲ. ಟೇಪು ಸರ್ರೆಂದು ಸುತ್ತಿಕೊಂಡು ಡಬ್ಬಿಯೊಳಗೆ ಹೋಯಿತು. ಜನ ನಕ್ಕ ನಗುವಿಗೆ ಹೊರಗಿದ್ದ ತೆಂಗಿನಕಾಯಿಯವನು ಒಳಗೆ ಇಣುಕಿ, ವಿಷಯ ತಿಳಿದುಕೊಂಡು ಗೋಣಿಚೀಲ ಮಡಚಿದ. ಮುದುಕ ನಗುತ್ತಲೇ ತನ್ನ ಮನೆಯ ಬಚ್ಚಲ ಕಲ್ಲಿಗೆ ನೀರು ಹಾಕಿ ನೋಡಲು ಹೋದ, ಇನ್ನೂ ನಾಲ್ವರು ಅದೇ ಕೆಲಸಕ್ಕೆ ಹೋದರು. ಸಂಜೆಯೊಳಗೆ ಮೂರು ಮನೆಗಳಲ್ಲಿ ಗಿಡಗಳು ಸಿಕ್ಕವು. ಸಾವ್ಕಾರರೂ ಕಡೆಗೆ ನಕ್ಕು, ಎರಡು ರೊಟ್ಟಿ ತಿಂದು, ಸೋಮವಾರದ ಮಾತೇ ಎತ್ತದೆ ಹೊರಟರು. ನೀಲಮ್ಮಕ್ಕ ನನಗೆ ತಾಟು ಹಾಕಿದಳು, ಹಿಂಡಿ ಮಾತ್ರ ಹಾಕಲಿಲ್ಲ. ಒಂದು ತಿಂಗಳು ಹಾಕಲಿಲ್ಲ. ನನಗೆ ಅಷ್ಟು ಹಗುರವಾಗಿತ್ತೆಂದರೆ, ಹಿಂಡಿ ಇಲ್ಲದ ರೊಟ್ಟಿಯನ್ನು ನಾಲ್ಕು ಸಲ ಕೇಳಿ ಹಾಕಿಸಿಕೊಂಡೆ. ಆ ಒಲೆ ಇವತ್ತಿಗೂ ಉರಿಯುತ್ತಿದೆ. ನಾನೀಗ ಸಭೆ ಸಮಾರಂಭಗಳಲ್ಲಿ ಮೈಕು ಹಿಡಿದು ಹೊಟ್ಟೆ ಹೊರೆಯುತ್ತೇನೆ, ಎಲ್ಲರ ದನಿಯನ್ನೂ ತೆಗೆಯುತ್ತೇನೆ. ಯಾರ ದನಿ ಎಂಬುದನ್ನು ಮೊದಲೇ ಹೇಳುತ್ತೇನೆ.

ಇನ್ನು ಆ ಮಾತು. ಗುರಪ್ಪ ಸಾವ್ಕಾರರು ಕಲ್ಲಿನ ಕಡೆ ಎರಡೂ ಕೈ ಚಾಚಿ, “ಏ ನೀಲಮ್ಮ, ಇಂಥಾ ಕಲ್ಲಿನ ಮುಂದ ಚಪ್ಪಲಿ ಬಿಟ್ಟು ಕೈ ಮುಗೀಬೇಕು ಮನಷಾ. ನೀ ಏನಂದ್ರ ಇದರ ಮ್ಯಾಲ ರೊಟ್ಟಿ ಬಡೀತಿದ್ದಿ!” ಅಂದರು. ನೀಲಮ್ಮಕ್ಕ ಕೈಯಲ್ಲಿದ್ದ ಹಿಟ್ಟನ್ನು ಹಲಗೆಗೆ ಒರೆಸಿ, ಸೆರಗು ಸರಿಮಾಡಿಕೊಂಡು ಎದ್ದು ನಿಂತಳು.

“ಈ ಫರಸಿ ಹಾಸಿದ ದಿನ ನಾ ಇಲ್ಲೇ ನಿಂತಿದ್ದೆ ಸಾವ್ಕಾರ್ರ. ಅದೇ ಟ್ರ್ಯಾಕ್ಟರಿನ್ಯಾಗ ಉಳದದ್ದು ಒಯ್ದು ನಿಮ್ಮ ಪಾಯಖಾನಿಗಿ ಹಾಸ್ಯಾರ, ಅದರಾಗೂ ಇಂಥಾವೇ ಗಿಡ ಅವ. ದಿನಾ ಮುಂಜಾನಿ ಅಲ್ಲೂ ಚಪ್ಪಲಿ ಬಿಟ್ಟು, ಕೈ ಮುಗದು ಕುಂದರ್ತೀರೇನು ಮತ್ತ?”